ಹಳಿಯುವ ಬೇಸಿಗೆ

ಆ ಬೇಸಿಗೆಯಲ್ಲಿ ನಮ್ಮ ಊರಿಗೆ ಬೇಕಾಗಿದ್ದವನು ರಿಂಗಿನ ಕೆಳಗೆ ನಿಲ್ಲುವ ಒಬ್ಬ ಎತ್ತರದ ಆಳು. ಬಾಸ್ಕೆಟ್‌ಬಾಲ್ ಬಿಟ್ಟರೆ ಬೇರೆ ಆಟ ನಮ್ಮವರ ಕಣ್ಣಿಗೆ ಹಿಡಿಸುವುದಿಲ್ಲ. ಗುಡಿಯ ಮುಂದಿನ ಅಂಗಳವೇ ಕೋರ್ಟು. ಕಲ್ಲಿನ ಬಸವಣ್ಣ ತಾನು ಕೂತಲ್ಲಿಂದಲೇ ಎರಡೂ ರಿಂಗುಗಳನ್ನು ನೋಡಬಹುದು. ನನ್ನ ತಲೆ ಕಪ್ಪಗಿದ್ದ ಕಾಲದಿಂದಲೂ ನಮ್ಮ ರಿಂಗು ಕಾಯುತ್ತಿದ್ದವನು ಭದ್ರೇಗೌಡ. ಈಗ ಅವನ ಮೊಣಕಾಲು ಕೂತರೆ ಏಳಲು, ಎದ್ದರೆ ಕೂರಲು ತಕರಾರು ಮಾಡುತ್ತಿತ್ತು. ಪಂದ್ಯಾವಳಿಯ ಕೊನೆಯ ಆಟದಲ್ಲಿ ಗುಡ್ಡದಾಚೆ ಊರಿನ ನಿಂಗರಾಜನೆಂಬ ಹುಡುಗ ಅವನ ತಲೆಯ ಮೇಲಿಂದಲೇ ಚೆಂಡು ಹಾಕಿ ಹಾಕಿ ನಮ್ಮನ್ನು ಮಲಗಿಸಿಬಿಟ್ಟ. ಮಾರನೆಯ ದಿನದಿಂದ ಎಲ್ಲರ ಬಾಯಲ್ಲೂ ಒಂದೇ ಮಾತು, ನಿಂಗರಾಜನನ್ನು ತರಬೇಕು ಅಂತ. ಅದರ ಬೆನ್ನಿಗೇ ಇನ್ನೊಂದು ಮಾತು ಎಲ್ಲರ ಮನಸ್ಸಿನಲ್ಲೂ ಇತ್ತು. ಅವನ ಬದಲಿಗೆ ನಮ್ಮದು ಏನು ಹೋಗುತ್ತದೋ ಅಂತ.

ನಮ್ಮ ಸೀಮೆಯಲ್ಲಿ ಆಟಗಾರನನ್ನು ದುಡ್ಡಿಗೆ ಕೊಡುವ ಪದ್ಧತಿಯಿಲ್ಲ. ಪಂದ್ಯಗಳೆಲ್ಲ ಮುಗಿದ ಬಿಡುವಿನ ತಿಂಗಳುಗಳಲ್ಲಿ ಎರಡು ಊರಿನ ಯಜಮಾನರು ಕೋರ್ಟಿನ ನಡುವೆ ಚೆಂಡಿನ ಮೇಲೆ ಕೈಯಿಡುತ್ತಾರೆ. ಆಟಗಾರ ಬೇಕಾದವರು ಅವನ ಹೆಸರನ್ನು ಎಲ್ಲರಿಗೂ ಕೇಳಿಸುವ ಹಾಗೆ ಹೇಳುತ್ತಾರೆ. ಕೊಡುವವರು ತಮಗೆ ಬದಲಿಗೆ ಏನು ಬೇಕೆಂಬುದನ್ನು ಚೆಂಡಿಗೆ ಬಾಯಿ ಹಚ್ಚಿ ಉಸುರುತ್ತಾರೆ. ಅದು ಚೆಂಡಿಗಲ್ಲದೆ ಇನ್ನಾರಿಗೂ ಕೇಳುವುದಿಲ್ಲ. ಮಾರನೆಯ ಬೆಳಗಿನ ಹೊತ್ತಿಗೆ ಅವರು ಕೇಳಿದ್ದು ನಮ್ಮ ಊರಲ್ಲಿ ಇರುವುದಿಲ್ಲ, ಅವರ ಊರಲ್ಲಿ ಇರುತ್ತದೆ. ಹೊಳೆಯಾಚೆ ಊರಿನಿಂದ ಎಡಗೈ ಆಟಗಾರ ತೋಪಣ್ಣ ಬಂದ ವರ್ಷ ಕೆರೆಯ ಮೇಲಿನಿಂದ ಬರುವ ಸಂಜೆಗಾಳಿ ಹೋಯಿತು. ಅಂದಿನಿಂದ ನಮ್ಮವರು ಬೀಸಣಿಗೆ ಹಿಡಿದೇ ಜಗಲಿಗೆ ಬರುತ್ತಾರೆ. ಹೊಳೆಯಾಚೆ ನೆಂಟರಿದ್ದವರು ಅಲ್ಲಿಗೆ ಹೋಗಿ ನಮ್ಮ ಗಾಳಿಯಲ್ಲಿ ಕೂತು ಬರುತ್ತಾರೆ. ಅದಕ್ಕೂ ಹಿಂದೆ ಸಂತೆಮಾಳದ ಬೇವಿನ ನೆರಳು ಹೋಗಿತ್ತು. ಮರ ಈಗಲೂ ಹಸಿರಾಗಿ ನಿಂತಿದೆ, ಅದರ ಬುಡದಲ್ಲಿ ಕೂರುವವರು ಕೊಡೆ ಬಿಚ್ಚಿಕೊಂಡು ಕೂರುತ್ತಾರೆ. ಆ ನೆರಳಿನ ಬದಲಿಗೆ ಬಂದ ಆಟಗಾರ ಮೊದಲ ವಾರವೇ ಕಾಲು ಮುರಿದುಕೊಂಡ. ಶಿವನ ಲೆಕ್ಕ ನಮಗೆಲ್ಲಿ ತಿಳಿಯುತ್ತದೆ.

ಹೀಗಾಗಿ ನಮ್ಮ ಹಿರಿಯರು ಒಂದು ರೂಢಿ ಮಾಡಿಕೊಂಡಿದ್ದರು. ಕೊನೆಯ ಪಂದ್ಯ ಮುಗಿದ ದಿನದಿಂದ ಮುಂದಿನ ಪಂದ್ಯಾವಳಿಯ ಮೊದಲ ಶೀಟಿ ಊದುವವರೆಗೆ ನಾವು ಪ್ರೀತಿಸುವ ಯಾವುದನ್ನೂ ಹೊಗಳುವಂತಿಲ್ಲ, ಹಳಿಯಬೇಕು. ಯಾವ ಊರಿನ ಕಿವಿ ಯಾವ ಮೂಲೆಯಲ್ಲಿದೆಯೋ ಹೇಳುವವರು ಯಾರು? ಸಿಹಿನೀರಿನ ಬಾವಿಯ ನೀರು ಸೇದುವಾಗ ಹೆಂಗಸರು ಮುಖ ಸಿಂಡರಿಸಿ ಉಪ್ಪು ಉಪ್ಪು ಅನ್ನುತ್ತಾರೆ. ಹೊಸ ಸೊಸೆಯರಿಗೆ ಅತ್ತೆಯಂದಿರು ಮೊದಲ ವರ್ಷವೇ ಇದನ್ನು ತಿಳಿಸಿ ಹೇಳುತ್ತಾರೆ. ಹೇಳದೆ ಉಳಿದ ಒಂದೆರಡು ಮನೆಗಳಲ್ಲಿ ಗಂಡನ ಬೈಗುಳವನ್ನು ನಿಜವೆಂದುಕೊಂಡು ಮದುವೆಯೇ ಮುರಿಯುವ ಹಂತಕ್ಕೆ ಬಂದದ್ದೂ ಉಂಟು.

ನಾನು ಗುರುಮಲ್ಲ, ದರ್ಜಿ. ತಂಡದ ಬನಿಯನ್ನುಗಳನ್ನು ಹೊಲಿಯುವವನು ನಾನೇ. ಇದರಿಂದ ಬಿಡುವಿನ ತಿಂಗಳುಗಳಲ್ಲಿ ನನ್ನ ಅಂಗಡಿಗೆ ಗಿರಾಕಿಗಳಿಗಿಂತ ಇಣುಕುವವರೇ ಹೆಚ್ಚು. ನಾನು ಬಟ್ಟೆ ಕತ್ತರಿಸಿದರೆ ಅದರ ಉದ್ದ ನೋಡಿ ಬರುವವನ ಎತ್ತರ ಊಹಿಸುತ್ತಾರೆ. ಹಳೆಯ ಬನಿಯನ್ನಿನ ಬೆನ್ನಿನಿಂದ ಅಂಕಿ ಬಿಚ್ಚಿದರೆ, ಯಾರೋ ಹೋಗುತ್ತಾರೆಂದು ಊರೆಲ್ಲ ಸುದ್ದಿ. ಒಮ್ಮೆ ನನ್ನ ಷಡ್ಡಕನಿಗೆ ಉದ್ದನೆಯ ನಿಲುವಂಗಿ ಹೊಲಿದು ತೂಗುಹಾಕಿದ್ದಕ್ಕೆ, ಬೀದಿ ಬಾಗಿಲಲ್ಲಿ ಜನ ಸೇರಿ ಅವನು ಯಾವ ಊರಿನ ಆಟಗಾರನೆಂದು ಬೆಳಗಿನಿಂದ ಸಂಜೆಯತನಕ ವಾದ ಮಾಡಿದರು.

ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಹಿಂದೆ ನಮ್ಮ ಮನೆ. ಅಲ್ಲಿ ನನ್ನ ಹೆಂಡತಿ ನೀಲಮ್ಮ ಕೂತು ಕಾಜ, ಗುಂಡಿ, ಅಂಚಿನ ಕೈಹೊಲಿಗೆ ನೋಡಿಕೊಳ್ಳುತ್ತಾಳೆ. ದಿನಾ ಬೆಳಕು ಹರಿಯುವ ಹೊತ್ತಿಗೆ ಗುಡಿಗೆ ಹೋಗಿ ಬಸವಣ್ಣನ ಮುಂದೆ ನಿಂತು ಹಾಡುವುದು ಅವಳ ಹರಕೆ. ಹಾಡು ಅವಳ ತಾಯಿಯಿಂದ ಬಂದದ್ದು, ದೇವರನ್ನು ನಿಧಾನವಾಗಿ, ಗದರಿಸದೆ, ಹಸುಗೂಸನ್ನು ಎಬ್ಬಿಸುವ ಹಾಗೆ ಎಬ್ಬಿಸುವುದು. ಊರಿನಲ್ಲಿ ಗಡಿಯಾರವಿದ್ದ ಮನೆಗಳೂ ಆ ಹಾಡಿಗೇ ಏಳುತ್ತಿದ್ದವು. ನಾನು ಮಾತ್ರ ಹಾಸಿಗೆಯಲ್ಲೇ ಹೊರಳಿ, ಕೊನೆಯ ಸಾಲು ಕಿವಿಗೆ ಬಿದ್ದ ಮೇಲೆ ಏಳುವವನು. ದಿನಾ ಇರುವುದು ನಾಳೆಯೂ ಇರುತ್ತದೆಂಬ ಧೈರ್ಯ.

ಆ ವರ್ಷ ಮಾತು ಹುಟ್ಟಿದ್ದು ಕೋರ್ಟಿನ ಎದುರಿನ ಕಾಫಿ ಹೋಟಲಿನಲ್ಲಿ. ಹೋಟಲಿನ ಒಡೆಯ ಮಾಯಣ್ಣ. ತಂಡದ ವಿಚಾರದಲ್ಲಿ ಅವನಿಗೆ ಗೊತ್ತಿಲ್ಲದ್ದು ಇಲ್ಲವೆಂದು ಅವನೂ ನಂಬಿದ್ದ, ನಾವೂ ಅರ್ಧ ನಂಬಿದ್ದೆವು. ಭದ್ರೇಗೌಡ ಅಲ್ಲೇ ಗೋಡೆಗೊರಗಿ, ಕಾಲು ನೀಡಿಕೊಂಡು, ತನ್ನ ಬಗ್ಗೆಯೇ ನಡೆಯುವ ಮಾತನ್ನು ಕಾಫಿಯ ಜೊತೆ ಕೇಳುತ್ತಿದ್ದ.

"ನಿಂಗರಾಜ ಬಂದ್ರೆ ತೋಪಣ್ಣನ್ನ ಹೊರಗಿಂದ ಆಡಿಸ್ಬೋದು. ಭದ್ರಣ್ಣನ್ನ ಅಜ್ಜಿ ಮನೆಗೆ ಕಳಿಸ್ಬೋದು" ಅಂದ ಮಾಯಣ್ಣ.

"ನನ್ನ ಅಜ್ಜಿ ಸತ್ತು ಯಾವ ಕಾಲಾಯ್ತು."

"ಅದುಕ್ಕೇ ಕಣಣ್ಣ. ನಿನ್ ಮೊಣಕಾಲು ಸತ್ತೂ ಅಷ್ಟೇ ಕಾಲ ಆಗೈತೆ."

ಎಲ್ಲರೂ ನಕ್ಕರು. ಭದ್ರೇಗೌಡನೂ ನಕ್ಕ. ಕಂಬಳಿ ವ್ಯಾಪಾರದ ಶಿವನಂಜ ಗುಡ್ಡದಾಚೆಯಿಂದ ಆಗತಾನೇ ಬಂದವನು, ನಗಲಿಲ್ಲ. "ಅವರು ಸುಮ್ಕೆ ಕೊಡಾಕಿಲ್ಲ. ನಾನು ಅಲ್ಲೇ ಕೇಳ್ಕಂಡು ಬಂದೆ. ಅವರ ಯಜಮಾನಿ ಚಿಕ್ಕತಾಯಮ್ಮ ಒಂದ್ ಮಾತು ಅಂದ್ಲಂತೆ. ನಮ್ಮೂರಲ್ಲಿ ಬೆಳಗಾಗಾದೇ ಗೊತ್ತಾಗಕ್ಕಿಲ್ಲ, ಬೆಳಗು ಮಾಡೋವಂಥದ್ದು ಏನಾರ ತತ್ತೀನಿ ಅಂತ."

ಯಾರೂ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದರಿಂದಲೇ ಎಲ್ಲರ ತಲೆಯಲ್ಲಿ ಏನಿದೆಯೆಂದು ನನಗೆ ತಿಳಿಯಿತು. ಕೈಯಲ್ಲಿದ್ದ ಲೋಟ ಬಿಸಿಯಾಗಿತ್ತೋ ತಣ್ಣಗಾಗಿತ್ತೋ ತಿಳಿಯದೆ ಕೆಳಗಿಟ್ಟೆ.

"ಒಬ್ಬರ ಗಂಟಲು ಊರಿನ ಸ್ವತ್ತು ಹೆಂಗಾಯ್ತದೆ?" ಅಂದೆ.

"ಆಗಕ್ಕಿಲ್ಲ" ಅಂದ ಮಾಯಣ್ಣ. ನನ್ನ ಲೋಟ ಎತ್ತಿಕೊಂಡು, "ಆದ್ರೆ ಊರೆಲ್ಲ ಅದಕ್ಕೇ ಏಳ್ತದಲ್ಲ ಗುರುಮಲ್ಲಣ್ಣ" ಅಂದ. ಆಮೇಲೆ ಬೀದಿಯವರೆಗೆ ಕೇಳುವ ಹಾಗೆ ಗಂಟಲು ಎತ್ತರಿಸಿ, "ಏಳ್ದೆ ಏನ್ ಮಾಡಾದು, ತುಕ್ಕು ಹಿಡ್ದ ರಾಟೆ ಕಿರುಗುಟ್ಟಿದಂಗೆ ಕಿರುಗುಟ್ಟಿದ್ರೆ" ಅಂದ.

ಅಂದಿನಿಂದ ಊರಿಗೆ ಊರೇ ನನ್ನ ಹೆಂಡತಿಯ ಹಾಡನ್ನು ಹಳಿಯತೊಡಗಿತು. ಪ್ರೀತಿಯಿಂದಲೇ ಹಳಿದರು, ಒಬ್ಬರಿಗಿಂತ ಒಬ್ಬರು ಮೇಲಾಗಿ ಹಳಿದರು. ಬಾವಿಕಟ್ಟೆಯಲ್ಲಿ, ಗಿರಣಿಯಲ್ಲಿ, ನಮ್ಮ ಅಂಗಡಿಯ ಬಾಗಿಲಲ್ಲೇ ನಿಂತು, ಹಾಡುವ ಕಾಗೆ ಅಂದರು, ಹರಿದ ತಮಟೆ ಅಂದರು. ಬೇರೆ ವರ್ಷ ಬಾವಿಗೂ ಮಾಯಣ್ಣನ ಕಾಫಿಗೂ ಹಂಚಿಹೋಗುತ್ತಿದ್ದ ಬೈಗುಳವೆಲ್ಲ ಆ ವರ್ಷ ಒಬ್ಬಳ ಮೇಲೇ ಬಿತ್ತು. ನಾನೂ ಅಂದೆ. ಬನಿಯನ್ನಿನ ತೋಳು ಜೋಡಿಸುತ್ತ, ದಾರಿಹೋಕರಿಗೆ ಕೇಳಲೆಂದು, "ನಮ್ಮನೇಲಿ ಬೆಳಗೆದ್ದರೆ ಇದೊಂದು ಕಾಟ" ಅಂದೆ. ಪರದೆಯ ಹಿಂದೆ ಗುಂಡಿಗಳ ಡಬ್ಬ ಅಲುಗುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಬಿಸಿಲು ಏರಿದಂತೆ ಊಹೆಗಳೂ ಏರಿದವು. ನಿಂಗರಾಜ ಬರುತ್ತಾನೆ ಅಂತ ಒಂದು ದಿನ, ಬರುವುದಿಲ್ಲ ಅವನ ತಾಯಿ ಬಿಡುತ್ತಿಲ್ಲ ಅಂತ ಮರುದಿನ. ಅವನ ಬದಲು ಕೆಳಸೀಮೆಯ ಕುಳ್ಳನೊಬ್ಬ ಬರುತ್ತಾನೆ, ಕುಳ್ಳನಾದರೂ ಎಗರುತ್ತಾನೆ ಅಂತ ಇನ್ನೊಂದು ದಿನ. ಬರಬೇಕೆಂದು ನನಗೂ ಆಸೆ. ಸುಳ್ಳೇಕೆ ಹೇಳಲಿ, ಅವನ ಅಳತೆಗೆ ಬಟ್ಟೆ ಎಷ್ಟು ಬೇಕಾದೀತೆಂದು ಮನಸ್ಸಿನಲ್ಲೇ ಅಳೆದಿದ್ದೆ. ಅವನು ಬಂದ ಕನಸು ಬಿದ್ದರೆ ಖುಷಿಯಿಂದ ಎಚ್ಚರಾಗುತ್ತಿದ್ದೆ. ಎಚ್ಚರಾದ ಮೇಲೆ ಪಕ್ಕದಲ್ಲಿ ಮಲಗಿದವಳ ಉಸಿರನ್ನು ಆಲಿಸುತ್ತಿದ್ದೆ.

ಒಂದು ಬೆಳಿಗ್ಗೆ ಹಾಡು ಬರಲಿಲ್ಲ.

ಊರು ತಡವಾಗಿ ಎದ್ದಿತು. ನಾನು ದಡಬಡಿಸಿ ಎದ್ದರೆ ನೀಲಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಗಂಟಲೇ ಹೋಯಿತೋ ಏನೋ ಅಂತ ಅವಳ ಮುಂದೆ ಹೋಗಿ ಕುಕ್ಕರಿಸಿದೆ.

"ಏನಾಯ್ತೇ?"

"ಏನೂ ಆಗಿಲ್ಲ. ಬಸವಣ್ಣಂಗೆ ದೀಪ ಹಚ್ಚಿ ಬಂದೆ."

"ಹಾಡ್ಲಿಲ್ವಲ್ಲ."

ಅವಳು ರೊಟ್ಟಿ ಮಗುಚಿ ಹಾಕಿದಳು. "ನೀವೆಲ್ಲ ಕಾಪಾಡಕ್ಕೇ ಅಂತೀರ, ನಂಗೊತ್ತು. ನಾನೂ ಇದೇ ಊರೋಳು, ಬಾವಿ ನೀರು ಉಪ್ಪು ಅಂತ ನಾನೂ ಅಂದಿವ್ನಿ. ಆದ್ರೆ ಬಾವಿಗೆ ಕಿವಿ ಇಲ್ಲ ಕಣ್ರೀ" ಅಂದಳು. ಸಿಟ್ಟಿನಿಂದ ಹೇಳಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವಳು ಉಪ್ಪು ಮುಗಿದಿದೆ ಅನ್ನುವ ಹಾಗೆ ಹೇಳಿದಳು. "ಬಾಯಿ ತೆಗುದ್ರೆ ಮೊದ್ಲು ನಿಮ್ ಮಾತೇ ನೆಪ್ಪಾಯ್ತದೆ. ಆಮೇಲೆ ಹಾಡು ಎಲ್ಲಿಂದ ಬರ್ಬೇಕು?"

ಹೋಟಲಿನಲ್ಲಿ ಇದು ಒಳ್ಳೆಯ ಸುದ್ದಿಯಾಯಿತು. "ಇದೇ ಸರಿಯಾದ ಆಟ ಕಣ್ರಲಾ. ಹಾಡೇ ಇಲ್ದಿದ್ರೆ ಆ ಚಿಕ್ಕತಾಯಮ್ಮ ಏನ್ ಕೇಳ್ಯಾಳು?" ಅಂದ ಮಾಯಣ್ಣ. ಎಲ್ಲರೂ ತಲೆಯಾಡಿಸಿದರು. ಭದ್ರೇಗೌಡನೊಬ್ಬ ಕಾಲು ಮಡಿಸಿಕೊಂಡು, "ಹೋಗೋ ಮೊದ್ಲೇ ಹೋಯ್ತಲ್ಲ" ಅಂದ. ಅಂದಿನಿಂದ ನನ್ನ ಹೊಲಿಗೆ ಅಡ್ಡಾದಿಡ್ಡಿ ಓಡತೊಡಗಿತು. ತಂಡದ ಅಂಕಿಗಳನ್ನು ತಲೆಕೆಳಗಾಗಿ ಕೂರಿಸಿ ಬಿಚ್ಚಿದೆ.

ಚಿಕ್ಕತಾಯಮ್ಮ ನಿಂಗರಾಜನನ್ನು ಕರೆದುಕೊಂಡು ಬಂದದ್ದು ಒಂದು ಸೋಮವಾರ. ಆಟಗಾರನ ಮೈ ಅಳತೆ ತೆಗೆದುಕೊಂಡು ಆಮೇಲೆ ಚೆಂಡಿನ ಮೇಲೆ ಕೈಯಿಡುವುದು ಪದ್ಧತಿ, ಹಾಗಾಗಿ ಮೊದಲು ನನ್ನ ಅಂಗಡಿಗೇ ಬಂದರು. ಹುಡುಗ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ, ಒಳಗೆ ಬಂದ ಮೇಲೂ ಬಗ್ಗಿಯೇ ನಿಂತ. ನಾನು ಮಣೆ ಹತ್ತಿ ಹೆಗಲಿಗೆ ಟೇಪು ಹಿಡಿದೆ. ಚಿಕ್ಕತಾಯಮ್ಮ ದಪ್ಪನೆಯ ಮುದುಕಿ, ಎಲೆಯಡಿಕೆ ಮೆಲ್ಲುತ್ತ ಬೆಂಚಿನ ಮೇಲೆ ಕೂತಳು. ಬಾಗಿಲ ತುಂಬ ನಮ್ಮ ಜನ. ನಮ್ಮ ತಂಡದ ಯಜಮಾನರು ಮರಿಸ್ವಾಮಿಗಳು ಬೆವರು ಒರೆಸಿಕೊಳ್ಳುತ್ತ ಅವಳ ಪಕ್ಕದಲ್ಲಿ ಕೂತರು. ಮಾಯಣ್ಣ ಕಾಫಿ ತಂದುಕೊಟ್ಟ.

"ಚೆಂದಾಗಿ ಮಾಡಿದ್ದೀಯಲ್ಲ ಮಗ" ಅಂದಳು ಮುದುಕಿ.

"ಎಲ್ಲವ್ವ, ಬಾಯಿಗಿಡಂಗಿಲ್ಲ. ದನಕ್ಕಿಟ್ಟ ಕಲಗಚ್ಚು."

"ಹಂಗಾದ್ರೆ ಇನ್ನೊಂದ್ ಲೋಟ ಕಲಗಚ್ಚು ತತ್ತಾ." ಕುಡಿದು ಲೋಟ ಕೆಳಗಿಟ್ಟು, ಮತ್ತೆ ಎಲೆಯಡಿಕೆ ಹಾಕಿಕೊಂಡು ಸುತ್ತ ನೋಡಿದಳು. "ನಿಮ್ಮೂರಲ್ಲಿ ಬೆಳಗಾಗೋ ಹೊತ್ಗೆ ಯಾರೋ ಹಾಡ್ತಾರಂತಲ್ಲ?"

ಬಾಗಿಲಲ್ಲಿದ್ದ ಜನ ಮಾಯಣ್ಣನ ಕಡೆ ನೋಡಿದರು. "ಅದಾ?" ಅಂದ ಮಾಯಣ್ಣ, "ಅದು ಹಾಡಲ್ಲ ಬುಡವ್ವ, ರಾಟೆ ಸದ್ದು. ನಂಬ್ದಿದ್ರೆ ಇವನ್ನ ಕೇಳು. ಕಟ್ಕಂಡೋನು ಇವ್ನೇ. ಹೇಳು ಗುರುಮಲ್ಲಣ್ಣ."

ನಾನು ಮಣೆಯ ಮೇಲಿದ್ದೆ. ಟೇಪಿನ ಒಂದು ತುದಿ ನಿಂಗರಾಜನ ಹೆಗಲ ಮೇಲೆ, ಇನ್ನೊಂದು ನನ್ನ ಕೈಯಲ್ಲಿ. ಪರದೆಯ ಹಿಂದೆ ಗುಂಡಿಗಳ ಡಬ್ಬ ಸುಮ್ಮನಾಗಿತ್ತು. ಕಾಟ ಅಂದುಬಿಟ್ಟರೆ ಮುಗಿಯಿತು, ಅವಳ ಗಂಟಲು ಅವಳಲ್ಲೇ ಉಳಿಯುತ್ತದೆ. ಉಳಿದು, ಹಾಡದೆ ಇರುತ್ತದೆ. ಶಿವನೇ, ನೀನು ಕೊಟ್ಟದ್ದನ್ನು ಕಾಯಲೋ, ಕೊಟ್ಟೆಯೆಂದು ಒಪ್ಪಿಕೊಳ್ಳಲೋ ಅಂತ ಒಳಗೇ ಕೇಳಿಕೊಂಡೆ. ಶಿವ ಏನೂ ಹೇಳಲಿಲ್ಲ. ನಾಲಗೆ ಹೇಳಿತು.

"ಚೆಂದಾಗಿ ಹಾಡ್ತಾಳೆ ಕಣವ್ವ" ಅಂದೆ. ಮಾಯಣ್ಣ ನನ್ನ ಪಂಚೆ ಎಳೆದ. ನಾನು ನಿಲ್ಲಿಸಲಿಲ್ಲ. "ಬಸವಣ್ಣ ಅದಕ್ಕೆ ಏಳ್ತಾನೋ ಇಲ್ವೋ ನಂಗೆ ತಿಳೀದು. ನಾನು ಏಳ್ತೀನಿ. ಅವ್ಳು ಹಾಡಿದ ದಿವ್ಸ ನನ್ ಹೊಲಿಗೆ ನೆಟ್ಟಗಿರ್ತದೆ. ಈಗ ಹಾಡ್ತಿಲ್ಲ. ನಾವೆಲ್ಲ ಸೇರ್ಕಂಡು ಅಂದು ಅಂದು ನಿಲ್ಲಿಸ್ಬುಟ್ಟೊ."

ಮುದುಕಿಯ ದವಡೆ ನಿಂತಿತು. "ಎಷ್ಟು ಬೇಸಿಗೆ ಈ ಊರಿಗೆ ಬಂದಿವ್ನಿ. ನಿಮ್ಮೋರ ಬಾಯಲ್ಲಿ ನಿಮ್ದು ಚೆಂದ ಅಂತ ಕೇಳಿದ್ದು ಇದೇ ಮೊದ್ಲು" ಅಂದಳು. ಆಮೇಲೆ ಕಾಲಬುಡದ ಲೋಟವನ್ನು ನೋಡಿದಳು, ಬಾಗಿಲಾಚೆ ಕಾಣುವ ಬಾವಿಯನ್ನು ನೋಡಿದಳು, ಅದರಾಚೆ ಗುಡಿಯನ್ನು ನೋಡಿದಳು. "ಹಂಗಾದ್ರೆ ನೀವು ಬೈದಿದ್ದೆಲ್ಲಾನೂ ಹಿಂಗೇನಾ?"

ನಾನು ಏನು ಮಾಡಿದೆನೆಂದು ಆಗ ನನಗೆ ಹೊಳೆಯಿತು. ನನ್ನ ಹೆಂಡತಿಯೊಬ್ಬಳ ಮೇಲಿನ ಮುಸುಕು ತೆಗೆಯಲು ಹೋಗಿ ಊರಿನ ಮುಸುಕನ್ನೇ ಎಳೆದುಬಿಟ್ಟಿದ್ದೆ. ಬಾವಿ, ಕಾಫಿ, ಕೆರೆಯೇರಿ, ಅಜ್ಜಂದಿರ ಕಾಲದಿಂದ ಬೈದು ಬೈದು ಉಳಿಸಿಕೊಂಡದ್ದೆಲ್ಲ ಆ ಮುದುಕಿಯ ಕಣ್ಣೆದುರು ಬತ್ತಲೆ ನಿಂತಿತ್ತು.

ಕೋರ್ಟಿನ ನಡುವೆ ಮರಿಸ್ವಾಮಿಗಳು ಚೆಂಡಿನ ಮೇಲೆ ಕೈಯಿಟ್ಟು ನಿಂಗರಾಜನ ಹೆಸರು ಹೇಳಿದರು. ಚಿಕ್ಕತಾಯಮ್ಮ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಚೆಂಡನ್ನು ಎದೆಗೆ ಅವುಚಿಕೊಂಡು ಉಸುರಿದಳು. ಹುಡುಗನನ್ನು ಬಿಟ್ಟು, ತಿರುಗಿ ನೋಡದೆ ಗುಡ್ಡದ ದಾರಿ ಹಿಡಿದಳು.

ಜನ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ವಾಸಿ. "ಒಂದ್ ಮಾತು ತಡ್ಕಳಕ್ಕಾಗ್ಲಿಲ್ವಲ್ಲ" ಅಂದ ಮಾಯಣ್ಣ, ಅಷ್ಟೇ. ಹೆಂಗಸರು ಕೊಡ, ಬಿಂದಿಗೆ, ಹಂಡೆ ಎಲ್ಲದರಲ್ಲೂ ಬಾವಿಯ ನೀರು ತುಂಬಿಟ್ಟುಕೊಂಡರು. ಮುದುಕರು ಕೆರೆಯೇರಿಯ ಮೇಲೆ ಹೋಗಿ ಹೊತ್ತು ಮುಳುಗುವುದನ್ನು ನೋಡುತ್ತ ನಿಂತರು. ನಾನು ಮನೆಗೆ ಬಂದರೆ ನೀಲಮ್ಮ ತಟ್ಟೆ ಹಾಕಿದಳು.

"ಸಾರಿಗೆ ಉಪ್ಪು ಸಾಕಾ?" ಅಂದಳು.

"ಸಾಕು."

ಅಷ್ಟೇ ನಾವಾಡಿದ ಮಾತು. ಆದರೆ ಬಡಿಸಿದ ಮೇಲೂ ಅವಳು ಒಳಗೆ ಹೋಗದೆ ನಾನು ಉಣ್ಣುವವರೆಗೆ ಅಲ್ಲೇ ಕೂತಿದ್ದಳು.

ಕತ್ತಲು ತಿಳಿಯಾಗುವಾಗ ಅವಳು ಎದ್ದಳು. ನಾನು ಕಣ್ಣು ಮುಚ್ಚಿ ಒಂದೊಂದು ಸದ್ದನ್ನೂ ಆಲಿಸಿದೆ. ಚೊಂಬಿನ ನೀರು, ಬೆಂಕಿಕಡ್ಡಿ, ಬಾಗಿಲ ಚಿಲಕ. ಹಾಸಿಗೆಯಲ್ಲಿ ಇರಲಾಗಲಿಲ್ಲ. ಹಿಂದೆಯೇ ಹೋದೆ. ಬೀದಿಯ ಎರಡೂ ಕಡೆ ಜನ ಆಗಲೇ ಜಗಲಿಗಳ ಮೇಲೆ ನಿಂತಿದ್ದರು. ಒಬ್ಬ ಹೆಂಗಸು ಬಿಂದಿಗೆಯ ನೀರಿಗೆ ಬೆರಳದ್ದಿ ನಾಲಗೆಗಿಟ್ಟು ನೋಡುತ್ತಿದ್ದಳು. ಕೋರ್ಟಿನ ಅಂಚಿನಲ್ಲಿ ಭದ್ರೇಗೌಡ ಹೊಸ ಹುಡುಗನ ಹೆಗಲು ಹಿಡಿದು ನಿಂತಿದ್ದ.

ನೀಲಮ್ಮ ಬಸವಣ್ಣನ ಮುಂದೆ ದೀಪವಿಟ್ಟು ಕೈಮುಗಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ನಾನು ಗುಡಿಯ ಕಂಬ ಹಿಡಿದುಕೊಂಡೆ. ಅವಳು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು. ಆ ಹೊತ್ತಿನಲ್ಲಿ ನಾನು ಅಲ್ಲಿರುವುದನ್ನು ಅವಳು ಎಂದೂ ಕಂಡವಳಲ್ಲ. ಮತ್ತೆ ಬಸವಣ್ಣನ ಕಡೆ ತಿರುಗಿದಳು. ಮೊದಲ ಸಾಲು ಸೀಳು ಬಿದ್ದು ಬಂತು. ಎರಡನೆಯದು ಕೂಡಿಕೊಂಡಿತು. ಆಮೇಲಿನದು ನೆಟ್ಟಗೆ, ಅವಳ ಕೈಹೊಲಿಗೆಯ ಹಾಗೆ, ಎಲ್ಲೂ ಸುಕ್ಕಿಲ್ಲದೆ ಹೋಯಿತು.

ಮುಗಿದಾಗ ಮಾಯಣ್ಣ ಹೆಗಲ ವಸ್ತ್ರದಿಂದ ಮೂಗು ಒರೆಸಿಕೊಂಡು, ರೂಢಿಯಂತೆ ಗಂಟಲು ಎತ್ತರಿಸಿ ಬೈಯಲು ಹೊರಟ. "ಏನ್..." ಅಂದ. "ಏನ್ ಚೆಂದಾಗಿ ಹಾಡ್ದೆ ನನ್ನವ್ವಾ" ಅಂದ. ಅಂದವನು ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದ. ಇನ್ನೊಮ್ಮೆ ಹೊರಟ, ಮತ್ತೆ ಅದೇ ಬಂತು. ನೀರು ನೆಕ್ಕಿ ನೋಡಿದ ಹೆಂಗಸು ಉಪ್ಪು ಅನ್ನಲು ಹೋಗಿ ಕಲ್ಲುಸಕ್ಕರೆ ಅಂದಳು. ಒಬ್ಬರ ಮುಖ ಒಬ್ಬರು ನೋಡಿದೆವು. ಚಿಕ್ಕತಾಯಮ್ಮ ಚೆಂಡಿಗೆ ಏನು ಉಸುರಿದ್ದಳೆಂದು ಆಗ ತಿಳಿಯಿತು. ಬಾವಿ ಅಲ್ಲ, ಹಾಡಲ್ಲ, ನಮ್ಮ ಹಳಿಯುವ ನಾಲಗೆಯನ್ನೇ ಅವಳು ಕೊಂಡೊಯ್ದಿದ್ದಳು.

ಆ ದಿನವೆಲ್ಲ ಊರು ಪರೀಕ್ಷೆ ಮಾಡಿಕೊಂಡಿತು. ಮಾಯಣ್ಣನಿಗೆ ತನ್ನ ಭಾವಮೈದುನನನ್ನು ಬೈಯಲು ಏನೂ ತೊಂದರೆಯಾಗಲಿಲ್ಲ. ನಿರಾಯಾಸವಾಗಿ, ಮೊದಲಿಗಿಂತ ಉದ್ದಕ್ಕೆ ಬೈದ. ಪ್ರೀತಿಸಿದ್ದನ್ನು ಮಾತ್ರ ಬೈಯಲಾಗುತ್ತಿರಲಿಲ್ಲ. ಸಂಜೆ ಹೋಟಲಿನಲ್ಲಿ ಭದ್ರೇಗೌಡ ಗೋಡೆಗೊರಗಿ ಕಾಲು ನೀಡಿ ಕಾದು ಕೂತಿದ್ದ. ಅವನ ಮೊಣಕಾಲಿನ ಬಗ್ಗೆ ಒಬ್ಬನಾದರೂ ಒಂದು ಕುಚೋದ್ಯ ಆಡಬೇಕಲ್ಲ. ಮಾಯಣ್ಣ ಬಾಯಿ ತೆರೆದ, ಮುಚ್ಚಿದ. ಶಿವನಂಜ ಬಾಯಿ ತೆರೆದು ನೆಲ ನೋಡಿದ. ಯಾರಿಗೂ ಆಗಲಿಲ್ಲ. ಭದ್ರೇಗೌಡ ಅದನ್ನೆಲ್ಲ ನೋಡಿ, ಲೋಟ ಕೆಳಗಿಟ್ಟು, ಮುಖ ಗೋಡೆಯ ಕಡೆ ತಿರುಗಿಸಿಕೊಂಡ.

ನಿಂಗರಾಜ ಚೆನ್ನಾಗಿಯೇ ಆಡಿದ. ಪಂದ್ಯಾವಳಿ ಬಂತು, ಹೋಯಿತು. ಈಗ ಮತ್ತೆ ಬಿಡುವಿನ ತಿಂಗಳು. ಎಡಗೈಯ ತೋಪಣ್ಣನ ಕಣ್ಣು ಮಂಜಾಗಿದೆಯಂತೆ, ದೂರದಿಂದ ಚೆಂಡು ಹಾಕುವವನೊಬ್ಬ ಬೇಕೇಬೇಕಂತೆ, ಕೆಳಸೀಮೆಯವರು ಕೊಡಲು ತಯಾರಂತೆ. ಹೋಟಲಿನಲ್ಲಿ ಮಾತು ಶುರುವಾಗಿದೆ. ಗುಡ್ಡದಾಚೆಯವರು ಈಗ ತಮ್ಮದನ್ನೆಲ್ಲ ಭರ್ಜರಿಯಾಗಿ ಹಳಿದುಕೊಂಡು ನೆಮ್ಮದಿಯಾಗಿದ್ದಾರೆಂದು ಶಿವನಂಜ ಹೇಳುತ್ತಾನೆ. ನಮ್ಮಲ್ಲಿ ಮುಚ್ಚಲು ಏನೂ ಉಳಿದಿಲ್ಲ. ಹೊರಗಿನವರು ಕಂಡರೆ ಜನ ಬಾಯಿ ಬಿಗಿಹಿಡಿದು ಬೇರೆ ದಾರಿ ಹಿಡಿಯುತ್ತಾರೆ, ಆ ಬಿಗಿಹಿಡಿದ ಬಾಯಿಯೇ ಎಲ್ಲವನ್ನೂ ಹೇಳಿಬಿಡುತ್ತದೆ.

ಕೆಳಸೀಮೆಯವರು ಅಳತೆಗೆಂದು ಮೊದಲು ನನ್ನ ಅಂಗಡಿಗೇ ಬರುತ್ತಾರೆ. ಬೆಳಗಿನ ಹಾಡು ಹೇಗಿದೆಯೆಂದು ಕೇಳಿದರೆ ಹೇಳಲು ನನ್ನ ಬಾಯಲ್ಲಿ ಒಂದೇ ಮಾತಿದೆ. ನೀಲಮ್ಮನಿಗೂ ಅದು ಗೊತ್ತು. ಅವಳು ಹಾಡುವುದನ್ನು ಬಿಟ್ಟಿಲ್ಲ. ನಾನು ಈಗ ಅವಳಿಗಿಂತ ಮುಂಚೆ ಎದ್ದು, ಗುಡಿಯ ಬಾಗಿಲು ತೆಗೆದು, ಕಂಬದ ಪಕ್ಕ ಕೂತಿರುತ್ತೇನೆ. ಹಾಡು ಮೊದಲ ಸಾಲಿನಿಂದ ಕೇಳಬೇಕು.